ಸಿಟ್ಟಿರೋರು ಯಾರು?

ರಾಯದುರ್ಗದ ಬಸ್ ಸ್ಟ್ಯಾಂಡಿನ ಎದುರು ಅವರದೊಂದು ಶ್ರದ್ಧಾಂಜಲಿ ಫ್ಲೆಕ್ಸಿ ಕಟ್ಟಿದ್ದಾರೆ. ನಮ್ಮ ಓಣಿಯ ಟೈಲರುಗಳೇ ಸೇರಿ ಹಾಕಿಸಿದ್ದು. ನಗುಮುಖದ ಫೋಟೋ, ಸುತ್ತಲೂ ಗುಲಾಬಿ ಹೂವಿನ ಚಿತ್ರ, ಕೆಳಗೆ ದಪ್ಪ ತೆಲುಗು ಅಕ್ಷರಗಳಲ್ಲಿ ‘ಕರುಣಾಮೂರ್ತಿ’ ಎಂಬ ಬಿರುದು. ಅದನ್ನು ಓದಿ ಮೊದಲು ನಗು ಬಂತು, ಆಮೇಲೆ ಮೈ ಉರಿಯಿತು. ಕರುಣೆಯಂತೆ, ಕರುಣೆ! ಈ ಫ್ಲೆಕ್ಸಿ ಹಾಕಿಸಿದ ಮಹಾನುಭಾವರೆಲ್ಲ ಅವರ ಕ್ಲಿನಿಕ್ಕಿನ ಮಂಚದ ಮೇಲೆ ಮಲಗಿ, ಪಕ್ಕದ ಸೋಡಾ ಅಂಗಡಿಗೆ ಕೇಳುವಂತೆ ‘ಯವ್ವಾ, ಸತ್ತೆ’ ಎಂದು ಕಿರುಚಿದವರೇ. ನಾನು ಕಂಡ ಮನುಷ್ಯರಲ್ಲಿ ಅವರಷ್ಟು ಕಟುಕರು ಇನ್ನೊಬ್ಬರಿರಲಿಲ್ಲ. ಹಾಗೆ ಬರೆಸಿದ್ದರೆ ಅವರೇ ಖುಷಿಪಡುತ್ತಿದ್ದರು.

ಅವರು ಫಿಸಿಯೋಥೆರಪಿ ಮಾಡುವವರು. ಊರಿನವರ ಬಾಯಲ್ಲಿ ‘ಥೆರಪಿ ಸಾರು’. ಜೀನ್ಸ್ ಹೊಲಿದು ಹೊಲಿದು ಸೊಂಟ ಹಿಡಿದವರು, ಕತ್ತು ತಿರುಗದವರು, ಲಕ್ವ ಹೊಡೆದವರು ಎಲ್ಲರೂ ಅವರ ಕೈಗೇ ಬೀಳಬೇಕು. ಅವರ ಮನೆ ಇದ್ದದ್ದು ಮಡಕಶಿರದಲ್ಲಿ, ಕೋಟೆ ಬೆಟ್ಟದ ಕೆಳಗೆ. ವಾರವೆಲ್ಲ ಇಲ್ಲಿ ಬಾಡಿಗೆ ರೂಮಿನಲ್ಲಿದ್ದು ಶನಿವಾರ ಮಧ್ಯಾಹ್ನ ಊರಿಗೆ ಹೊರಡುತ್ತಿದ್ದರು. ಬಸ್ ಹತ್ತುವಾಗ ಕೈಯಲ್ಲಿ ಮಗಳಿಗೊಂದು ತಿಂಡಿ ಪೊಟ್ಟಣ, ಹೆಂಡತಿಗೊಂದು ಮೊಳ ಕನಕಾಂಬರ ಇರಲೇಬೇಕು. ಎರಡು ಕಡೆ ಬಸ್ ಬದಲಿಸಿ ಮನೆ ಮುಟ್ಟುವಷ್ಟರಲ್ಲಿ ಆ ಹೂ ಸತ್ತಂತಾಗಿರುತ್ತಿತ್ತು. “ಹೂ ಅಲ್ಲೂ ಸಿಗ್ತಾವಲ್ರಿ ಸಾರ್,” ಎಂದು ಒಮ್ಮೆ ಕೇಳಿದೆ. “ಅಲ್ಲಿ ತಗಂಡ್ರೆ ದಾರಿ ಪೂರ್ತಿ ನೆನಸ್ಕಂಡು ಹೋದಂಗೆ ಆಗಲ್ವಲ್ಲಮ್ಮ,” ಎಂದರು. ಇಂಥ ಮನುಷ್ಯ ಸೋಮವಾರ ಬೆಳಗ್ಗೆ ಬಂದು ಯಾರದೋ ಮೊಣಕಾಲು ಹಿಡಿದು ಮಡಚುತ್ತಿದ್ದರು.

ಒಂದು ದಿನ ಕ್ಲಿನಿಕ್ಕಿನಲ್ಲಿ ನಾನೇ ಕಣ್ಣಾರೆ ನೋಡಿದ್ದು. ಊಟದ ಹೊತ್ತಿಗೆ ಮನೆಗೆ ಫೋನ್ ಮಾಡುವುದು ಅವರ ನೇಮ. ಬಲಗೈಯಲ್ಲಿ ಫೋನು. ಎಡಗೈಯಲ್ಲಿ ಒಬ್ಬ ಕಟಿಂಗ್ ಮಾಸ್ಟರನ ಭುಜ. ಅವನು ಗಂಟಲು ಹರಿದುಕೊಳ್ಳುತ್ತಿದ್ದ. ಇವರು ಬೆಣ್ಣೆಯಂಥ ದನಿಯಲ್ಲಿ, “ಊಟ ಆಯ್ತಾ ಪುಟ್ಟ? ಏನು ಸಾರು? ಅಮ್ಮಂಗೆ ಬಿಸಿಲಿಗೆ ಹೋಗ್ಬೇಡ ಅನ್ನು,” ಎನ್ನುತ್ತಿದ್ದರು. ಆ ಕಡೆ ಮಗಳು ಏನು ಕೂಗಾಟ ಎಂದು ಕೇಳಿರಬೇಕು. “ಏನಿಲ್ಲ ಪುಟ್ಟ, ಹೊರಗೆ ಯಾರೋ ಜಗಳ ಆಡ್ತಾವ್ರೆ,” ಎಂದು ಭುಜವನ್ನು ಇನ್ನೊಂದಿಷ್ಟು ಮೇಲೆತ್ತಿದರು. ಫೋನ್ ಇಟ್ಟ ಮೇಲೆ ಮಾಸ್ಟರನ ಕಣ್ಣೀರನ್ನು ತಮ್ಮ ಕರವಸ್ತ್ರದಲ್ಲೇ ಒರೆಸಿ ನಾಳೆ ಬಾ ಎಂದು ಕಳಿಸಿದರು.

ನಮ್ಮ ಮನೆಗೆ ಅವರು ಬಂದದ್ದು ನಮ್ಮತ್ತೆಗೆ ಲಕ್ವ ಹೊಡೆದಾಗ. ಎಡಭಾಗ ಪೂರಾ ಬಿದ್ದುಹೋಗಿತ್ತು, ಎಡಗೈ ಮುಷ್ಟಿ ಕಟ್ಟಿಕೊಂಡಿತ್ತು. ಬಳ್ಳಾರಿಯ ಆಸ್ಪತ್ರೆಯಿಂದ ಕರೆತಂದ ಮೇಲೆ ಮಂಚ ಬಿಟ್ಟು ಕದಲುತ್ತಿರಲಿಲ್ಲ. ನನ್ನ ಗಂಡ ಮಷೀನು ನಿಲ್ಲಿಸಿ ತಾಯಿಯ ಬಾಯಿಗೆ ಗಂಜಿ ಹಾಕುತ್ತ ಅಳುತ್ತ ಕೂತಿದ್ದ. ನಾದಿನಿ ಗಂಡನ ಮನೆಯಿಂದ ಬಂದು ಕಾಲೊತ್ತುತ್ತ ಅಳುತ್ತಿದ್ದಳು. ಸಾರು ಚಪ್ಪಲಿ ಬಿಟ್ಟು ಒಳಗೆ ಬಂದವರು ರೋಗಿಯ ಕಡೆ ತಿರುಗಿಯೂ ನೋಡಲಿಲ್ಲ. ನಮ್ಮನ್ನೆಲ್ಲ ಗೋಡೆಗೆ ಸಾಲಾಗಿ ನಿಲ್ಲಿಸಿ ಕೇಳಿದರು:

“ಈ ಮನೇಲಿ ಈಯಮ್ಮನ ಮೇಲೆ ಸಿಟ್ಟಿರೋರು ಯಾರು?”

ಗಂಡ ನೆಲ ನೋಡಿದ. ನಾದಿನಿ ಸೆರಗು ಕಚ್ಚಿದಳು. ಅಷ್ಟರಲ್ಲಿ ಮಂಚದ ಮೇಲಿಂದ ಅತ್ತೆಯ ಬಲಗೈ ಮೇಲೆದ್ದಿತು. ನಾಲಿಗೆ ತೊದಲುತ್ತಿತ್ತು, ಬೆರಳು ಮಾತ್ರ ನೆಟ್ಟಗೆ ನನ್ನ ಕಡೆ ಬಂದು ನಿಂತಿತು. “ಇಕಿ,” ಎಂದಳು.

“ಯಾಕಮ್ಮ ಸಿಟ್ಟು?” ಸಾರು ನನ್ನನ್ನು ಕೇಳಿದರು. ನನಗೂ ರೇಗಿತು. “ತವರಿಂದ ತಂದ ಹೊಲಿಗಿ ಮಷೀನು ನನ್ನ ಒಂದ್ ಮಾತು ಕೇಳಲಾರ್ದ ಮಗಳ ಮದುವ್ಯಾಗ ಕೊಟ್ಟಾಳ್ರಿ,” ಎಂದೇಬಿಟ್ಟೆ. ನಾದಿನಿಯ ಮುಖ ಕಪ್ಪಿಟ್ಟಿತು. ಸಾರು ಒಳ್ಳೆಯ ಬಟ್ಟೆ ಮುಟ್ಟಿ ನೋಡಿದವರಂತೆ ತಲೆಯಾಡಿಸಿದರು. “ಗಟ್ಟಿ ಸಿಟ್ಟು. ಬಾಳಿಕೆ ಬತ್ತದೆ. ಪ್ರೀತಿ ಇರೋರೆಲ್ಲ ಹೊರಗೆ ನಡೀರಿ. ನೀನು ಬಾಮ್ಮ.”

ಇದೇ ಅವರ ಪದ್ಧತಿ. ಯಾವ ಮನೆಗೆ ಹೋದರೂ ಮೊದಲು ಆ ಪ್ರಶ್ನೆ. ಪ್ರೀತಿಸುವವರ ಕೈಗೆ ಲಕ್ವದ ರೋಗಿಯನ್ನು ಕೊಟ್ಟರೆ ಮುಗಿಯಿತು, ಅವರು ನೀರು ಬಾಯಿಗೇ ತಂದಿಡುತ್ತಾರೆ, ‘ಬಿಡು’ ಎಂದೊಡನೆ ಬಿಡುತ್ತಾರೆ, ಕೊನೆಗೆ ಪ್ರೀತಿಯಿಂದಲೇ ಮಂಚಕ್ಕೆ ಅಂಟಿಸುತ್ತಾರೆ ಎಂಬುದು ಅವರ ವಾದ. ನನಗೆ ಹೇಳಿಕೊಟ್ಟದ್ದೂ ಹಾಗೆಯೇ ಇತ್ತು. ನೀರಿನ ಲೋಟ ಅತ್ತೆಯ ಎಡಗಡೆಗೇ ಇಡಬೇಕು, ಬಾಯಾರಿದರೆ ಅವಳೇ ಆ ಕಡೆ ಹೊರಳಲಿ. ಸಾಯುತ್ತೇನೆ ಎಂದರೆ ಹೂಂ ಅನ್ನಬೇಕು, ಕೈ ನಿಲ್ಲಿಸಬಾರದು. “ಅಳು ಕಿವಿಗೆ ಬೀಳ್ಲಿ, ಕೈಗೆ ಬೀಳಬಾರ್ದು,” ಎನ್ನುತ್ತಿದ್ದರು. ಮುಷ್ಟಿ ಬಿಡಿಸುವುದನ್ನು ಮಾತ್ರ ನನ್ನ ಕೈಮೇಲೆ ತಮ್ಮ ಕೈಯಿಟ್ಟು ಕಲಿಸಿದರು.

“ಬೆರಳ ಜೊತೆ ಜಗಳಕ್ಕೆ ಹೋಗ್ಬೇಡ. ಮೊದಲು ಮಣಿಕಟ್ಟು ಒಳಕ್ಕೆ ಬಗ್ಗಿಸು, ಅಲ್ಲಿಗೆ ಅದರ ಅರ್ಧ ಹಠ ಹೋಯ್ತು. ಆಮೇಲೆ ಹೆಬ್ಬೆರಳು ಹೊರಕ್ಕೆ ತೆಗಿ. ಮಿಕ್ಕಿದ್ದು ಒಂದೊಂದೇ ಬತ್ತವೆ. ಬಿಚ್ಚಿದ ಮೇಲೆ ಮಣಿಕಟ್ಟು ಮೆಲ್ಲಗೆ ಹಿಂದಕ್ಕೆ. ನೋವಿರೋದು ಅಲ್ಲೇ. ಬಿಡು ಅಂತಾಳೆ. ಬಿಡಬೇಡ.”

ಇನ್ನೊಂದು ಮಾತನ್ನೂ ಹೇಳಿದರು. ಬಿಗಿ ಬೇರೆ, ಗಂಟು ಬೇರೆ. ಬಿಗಿಯಾದ ಕೈ ದಿನಾ ಎಳೆದರೆ ಸಡಿಲುತ್ತದೆ. ಸುಮ್ಮನೆ ಬಿಟ್ಟು ಕೀಲಿಗೆ ಕೀಲು ಗಂಟು ಬಿತ್ತೆಂದರೆ ಆಮೇಲೆ ಯಾವ ಥೆರಪಿಯವನಿಂದಲೂ ಆಗುವುದಿಲ್ಲ.

ಸುಳ್ಳು ಯಾಕೆ ಹೇಳಲಿ, ಮೊದಮೊದಲು ನನಗೆ ಆ ಕೆಲಸದಲ್ಲಿ ಒಂದು ಸುಖವೇ ಇತ್ತು. ಮಷೀನಿನ ಸಿಟ್ಟನ್ನೆಲ್ಲ ಆ ಬೆರಳುಗಳ ಮೇಲೆ ತೀರಿಸಿಕೊಂಡೆ. ಅತ್ತೆಯೂ ಸುಮ್ಮನಿರುವ ಹೆಂಗಸಲ್ಲ. “ನಿನ್ನ ಕೈ ಸೇದಿ ಹೋಗ್ಲಿ! ನಿನ್ನ ಹೆಣ ಎತ್ತಲಿ!” ಎಂದು ಓಣಿಗೆಲ್ಲ ಕೇಳುವಂತೆ ಬಯ್ಯುತ್ತಿದ್ದಳು. ನಾನು, “ಎತ್ತಾಕ ನೀವ ಬರ್ಬೇಕಲ್ರಿ ಅತ್ತಿ, ಮೊದ್ಲು ಕೈ ಬಿಚ್ರಿ,” ಎನ್ನುತ್ತಿದ್ದೆ. ಬಾಗಿಲಾಚೆ ಗಂಡ ತಲೆ ಚಚ್ಚಿಕೊಳ್ಳುತ್ತಿದ್ದ. ಬೈಗುಳಕ್ಕೆ ಸಾರು ಬಲು ಖುಷಿಪಡುತ್ತಿದ್ದರು, ಬೈಯುತ್ತ ಬೈಯುತ್ತ ಅತ್ತೆಯ ತೊದಲು ಮಾತು ಸ್ಪಷ್ಟವಾಗುತ್ತಿತ್ತು.

ಬರಬರುತ್ತ ಅತ್ತೆ ಕೂತಳು, ಗೋಡೆ ಹಿಡಿದು ನಿಂತಳು, ಬಚ್ಚಲಿಗೆ ತಾನೇ ಹೋದಳು. ಕೊನೆಗೆ ಪಡಸಾಲೆಯಲ್ಲಿ ಕೂತು ಎಡಗೈಯಲ್ಲಿ ಪ್ಯಾಂಟು ಹಿಡಿದು ಬಲಗೈ ಕತ್ತರಿಯಿಂದ ದಾರ ಕತ್ತರಿಸುವ ಕೆಲಸಕ್ಕೂ ಇಳಿದಳು. ಬಂದವರಿಗೆಲ್ಲ, “ಸೊಸಿ ಅಲ್ಲವ್ವ, ರಾಕ್ಷಸಿ,” ಎಂದು ಹೇಳುವಾಗ ಚಹಾದ ಕಪ್ಪು ಹಿಡಿದಿರುತ್ತಿದ್ದದ್ದು ನಾನು ಬಿಡಿಸಿದ ಎಡಗೈಯೇ.

ನನಗೆ ಉಳಿದದ್ದು ಹೆಸರು. ‘ಸಿಟ್ಟಿನ ಸೊಸಿ.’ ಸಾರು ಹೋದ ಹೋದ ಮನೆಯಲ್ಲೆಲ್ಲ ನನ್ನ ಉದಾಹರಣೆ ಕೊಟ್ಟದ್ದೇ ಕೊಟ್ಟದ್ದು. ಯಾರದೋ ಸೀಮಂತಕ್ಕೆ ಹೋದರೆ ಹೆಂಗಸರು ನನ್ನ ತೋರಿಸಿ, ಅತ್ತಿನ್ನ ಅಳಿಸಿ ಅಳಿಸಿ ಎಬ್ಬಿಸಿದಾಕಿ ಇಕಿನೇ ನೋಡ್ರಿ ಎಂದು ಪಿಸುಗುಟ್ಟುತ್ತಿದ್ದರು. ಅತ್ತೆ ನಡೆದದ್ದನ್ನು ಎಲ್ಲರೂ ಮರೆತರು. ಗೋಡೆಗೆ ನಿಲ್ಲಿಸಿ ಕೇಳಿದ ಆ ಪ್ರಶ್ನೆ ನನ್ನ ಬೆನ್ನು ಬಿಡಲಿಲ್ಲ. ಅದಕ್ಕಾಗಿ ಆ ಮನುಷ್ಯನ ಮೇಲೆ ನನಗೆ ಸಿಟ್ಟಿತ್ತು. ಇವತ್ತಿಗೂ ಪೂರ್ತಿ ಹೋಗಿಲ್ಲ.

ಡಿ. ಹಿರೇಹಾಳಿನ ಕಥೆಯನ್ನು ಅವರೇ ನನಗೆ ಹೇಳಿದ್ದು. ಅಲ್ಲೊಬ್ಬ ಕೂಲಿಯವನಿಗೆ ಲಕ್ವ. ಮನೆಯಲ್ಲಿ ಗಂಡಹೆಂಡತಿ ಇಬ್ಬರೇ. ಆಕೆಗೆ ಗಂಡನೆಂದರೆ ಪ್ರಾಣ, ಹುಡುಕಿದರೂ ಒಂದು ಚೂರು ಸಿಟ್ಟಿಲ್ಲ. ಇವರು ಹೋಗಿ ಹೋಗಿ ಬಂದರು, ಅವನು ಎದ್ದೇಳಲಿಲ್ಲ. ಒಂದು ದಿನ ಆಕೆಯನ್ನು ಅಂಗಳಕ್ಕೆ ಕರೆದು, “ನಿನ್ನ ಗಂಡಂಗೆ ಎದ್ದು ನಡೆಯೋಕೆ ಆಗುತ್ತೆ, ಕೂತು ತಿನ್ನೋಕೆ ನಾಟಕ ಆಡ್ತಾವ್ನೆ. ನಿಮ್ಮವ್ವನ್ನ ಏನಂದ ಗೊತ್ತಾ?” ಎಂದು ಬಾಯಿಗೆ ಬಂದದ್ದೊಂದು ಹುಟ್ಟಿಸಿ ಹೇಳಿದರಂತೆ. ಎಲ್ಲಾ ಸುಳ್ಳು. ಮರುದಿನದಿಂದ ಆಕೆ ಬೆಂಕಿಯಾದಳು. ಗಂಡನನ್ನು ಎಳೆದೆಳೆದು ನಿಲ್ಲಿಸಿದಳು. ಅವನು ನಡೆದ.

“ಆ ಸುಳ್ಳು ಅವರಿಬ್ರ ನಡುವೆ ಉಳೀತಲ್ರಿ ಸಾರ್?” ಎಂದೆ.

“ಉಳೀತು. ಹೆಂಡ್ತಿ ಈಗ್ಲೂ ಸರಿಯಾಗಿ ಮಾತಾಡಲ್ವಂತೆ.”

“ಮತ್ತ?”

“ಮತ್ತೆ ಏನು? ಕಾಲು ಕೊಟ್ಟಿದೀನಲ್ಲ. ನಡ್ಕಂಡು ಅವಳ ಹಿಂದೆ ಹೋಗಿ ಕೇಳ್ಲಿ,” ಎಂದು ಕರವಸ್ತ್ರದಲ್ಲಿ ಕೈ ಒರೆಸಿಕೊಂಡರು. ಮಧ್ಯಾಹ್ನದ ಬಸ್ಸಿಗೆ ಕನಕಾಂಬರ ಕೊಳ್ಳಲು ಹೊರಟರು. ನಾನು ಅವತ್ತು ಅವರನ್ನು ಮನಸ್ಸಿನಲ್ಲೇ ಚೆನ್ನಾಗಿ ಬೈದೆ.

ಇಂಥವರಿಗೇ ಲಕ್ವ ಹೊಡೆಯಿತು. ಒಂದು ಭಾನುವಾರ ಮಡಕಶಿರದ ಮನೆಯಲ್ಲಿ, ಮಗಳ ಜೊತೆ ಊಟಕ್ಕೆ ಕೂತಾಗ. ಅವರಿಗೂ ಎಡಭಾಗವೇ. ಇಲ್ಲಿ ಕ್ಲಿನಿಕ್ಕಿಗೆ ಬೀಗ ಬಿತ್ತು. ಟೈಲರುಗಳು ಸೇರಿ ಕಾರು ಮಾಡಿಕೊಂಡು ಹೋಗಿ ಹಣ್ಣು ಕೊಟ್ಟು ಬಂದರು. ಪಾಪ, ಎಂಥ ಸಂಸಾರ, ಹೂವಿನಂಗೆ ನೋಡ್ಕೊಳ್ತಾರೆ ಎಂದು ಹೊಗಳಿದ್ದೇ ಹೊಗಳಿದ್ದು. ಹೂವಿನಂತೆ ನೋಡಿಕೊಂಡರೆ ಏನಾಗುತ್ತದೆಂದು ಅವರಿಂದಲೇ ಕಲಿತವಳು ನಾನು.

ಕೆಲವು ತಿಂಗಳು ಕಳೆದ ಮೇಲೆ ಮಗಳ ಫೋನ್ ಬಂತು. “ಅಕ್ಕಾ, ಅಪ್ಪ ನಿಮ್ಮನ್ನ ಕರೀತಾವ್ರೆ. ಸಿಟ್ಟಿನ ಸೊಸೆ ಬರ್ಲಿ, ಬೇರೆ ಯಾರೂ ಬೇಡ ಅಂತಾರೆ. ಏನಂತ ನಮಗೂ ಗೊತ್ತಾಗ್ತಿಲ್ಲ,” ಎಂದಳು. ಅತ್ತೆಗೆ ಹೇಳಿದೆ. ಅವಳ ಕಣ್ಣಲ್ಲಿ ಬೆಳಕು ಬಂತು. “ಹೋಗು. ನನಗ ಮಾಡಿದ್ದೆಲ್ಲ ಆತಗೂ ಮಾಡು. ಒಂದು ಕೈ ಜಾಸ್ತೀನೇ ಮಾಡು,” ಎಂದಳು. ಹೊರಡುವಾಗ ಬುತ್ತಿಯನ್ನೂ ಅವಳೇ ಕಟ್ಟಿದಳು.

ಆ ಮನೆಯನ್ನು ನೋಡಿದರೆ ಯಾರಿಗಾದರೂ ಹೊಟ್ಟೆಕಿಚ್ಚು ಬರಬೇಕು. ಅಷ್ಟು ಅಕ್ಕರೆ. ಗಾಳಿ ಹಾಸಿಗೆ, ಸುತ್ತ ದಿಂಬು. ನೀರು ಬಲಗಡೆ, ಫೋನು ಬಲಗಡೆ, ಕರೆಯಲು ಒಂದು ಪೂಜೆಯ ಗಂಟೆ, ಅದೂ ಬಲಗಡೆ. ಎಡಗಡೆಗೆ ತಿರುಗುವ ಕಾರಣವೇ ಇಲ್ಲದಂತೆ ಮಾಡಿಟ್ಟಿದ್ದರು. ಹೆಂಡತಿ ಮುದ್ದೆಯನ್ನು ಸಣ್ಣ ಸಣ್ಣ ತುತ್ತು ಮಾಡಿ ಬಾಯಿಗಿಡುತ್ತಿದ್ದರು. ಅಷ್ಟರಲ್ಲಿ ಮದುವೆಯಾಗಿದ್ದ ಮಗಳು ಗಂಡನ ಮನೆಗೆ ಹೋಗದೆ ಇಲ್ಲೇ ನಿಂತಿದ್ದಳು. ಮುಚ್ಚಿದ ಎಡಮುಷ್ಟಿಯೊಳಗೆ ಉಗುರು ಚುಚ್ಚದಿರಲೆಂದು ದಿನಾ ಹತ್ತಿ ತುರುಕಿ ಮೇಲೆ ಮುತ್ತಿಡುತ್ತಿದ್ದಳು. ಅಪ್ಪನ ಬಾಯಿಂದ ಒಂದು ಗದರಿಕೆಯನ್ನೂ ಕೇಳದೆ ಬೆಳೆದ ಮಗಳು ಇನ್ನೇನು ಮಾಡಿಯಾಳು?

ನನ್ನ ನೋಡಿ ಅವರು ಅರ್ಧ ಬಾಯಲ್ಲಿ ನಕ್ಕರು. “ಬಂದ್ಯೇನಮ್ಮ? ಸಿಟ್ಟು ತಂದಿದೀಯಾ?”

“ನನಗ್ಯಾಕ್ರಿ ಸಾರ್ ನಿಮ್ ಮ್ಯಾಲೆ ಸಿಟ್ಟು?”

“ಅವತ್ತು ಗೋಡೆಗೆ ನಿಲ್ಸಿ ಕೇಳಿದ್ನಲ್ಲ. ಅದು ಹೋಗಿರಲ್ಲ, ನಂಗೊತ್ತು. ಈ ಮನೇಲಿ ನನ್ನ ಮೇಲೆ ಸಿಟ್ಟಿರೋರು ಒಬ್ರೂ ಇಲ್ಲ ಕಣಮ್ಮ. ಮಲಗಿದ್ದಂಗೇ ಎಲ್ರನ್ನೂ ನೆನಸ್ಕಂಡೆ. ನೀನೊಬ್ಳೇ ಸಿಕ್ಕಿದ್ದು.”

ಅವರಿಗೆ ಬೇಕಾದದ್ದು ಒಂದೇ. ಅವರದು ಲಿಂಗವಂತರ ಮನೆ. ಬೆಳಗಾದರೆ ಕೊರಳ ಕರಡಿಗೆಯಿಂದ ತಮ್ಮ ಲಿಂಗ ತೆಗೆದು ಎಡ ಅಂಗೈ ಮೇಲಿಟ್ಟುಕೊಂಡು ಪೂಜೆ ಮಾಡುವುದು ಹುಡುಗನಿದ್ದಾಗಿನಿಂದ ಬಂದ ರೂಢಿ. ಕೈ ಮುಚ್ಚಿದ ಮೇಲೆ ಲಿಂಗ ಕೂರುವ ಜಾಗವೇ ಇಲ್ಲದಂತಾಗಿತ್ತು. ಹೆಂಡತಿ ತಮ್ಮ ಅಂಗೈ ಮೇಲಿಟ್ಟು ತೋರಿಸುತ್ತಿದ್ದರು, ಅವರು ನೋಡುತ್ತಿದ್ದರು. “ನನ್ನ ಲಿಂಗ ನನ್ನ ಅಂಗೈಲಿ ಕೂರ್ಬೇಕು. ಅಷ್ಟು ಮಾಡ್ಕೊಡು. ನಡೆಯೋದೆಲ್ಲ ಆಮೇಲೆ,” ಎಂದರು. ಮಗಳನ್ನೂ ಹೆಂಡತಿಯನ್ನೂ ಎದುರಿಗೆ ಕರೆದು, “ನಾನು ಬಿಡು ಅಂತೀನಿ. ಆಕೆ ಬಿಡಲ್ಲ. ನೀವು ಒಳಗೆ ಬರ್ಬಾರ್ದು,” ಎಂದು ಹೇಳಿಯೂ ಹೇಳಿದರು. ಇಬ್ಬರೂ ತಲೆಯಾಡಿಸಿದರು.

“ಗಂಟು ಬಿದ್ದೈತಂತೆ ಅಕ್ಕಾ. ನಮ್ಮ ನೆಂಟರಲ್ಲೊಬ್ರು ನೋಡಿ ಹೇಳಿದ್ರು. ಸುಮ್ನೆ ಅಪ್ಪಂಗೆ ನೋವು,” ಎಂದು ಮಗಳು ನನ್ನ ಕಿವಿಯಲ್ಲಿ ಹೇಳಿ ಹೊರಗೆ ಹೋದಳು.

ಮಣಿಕಟ್ಟು ಬಗ್ಗಿಸಿದೆ. ಹೆಬ್ಬೆರಳು ಹಿಡಿದೆ. ಅಬ್ಬಾ, ಆ ಬಿಗಿ! ನಮ್ಮತ್ತೆಯದು ಅದರ ಮುಂದೆ ಏನೂ ಅಲ್ಲ. ಹೆಬ್ಬೆರಳು ಅರ್ಧ ಹೊರಬರುವಷ್ಟರಲ್ಲಿ ಅವರು ಕಿರುಚಿದರು. ಆ ದನಿ ಅವರದೆಂದು ನನಗೆ ನಂಬಿಕೆಯಾಗಲಿಲ್ಲ. ಎಷ್ಟು ಜನರನ್ನು ಆ ಮಂಚದ ಮೇಲೆ ಕಿರುಚಿಸಿದ್ದರೋ, ಎಲ್ಲರ ದನಿಯೂ ಅದೇ. “ಬಿಡು, ಬಿಡಮ್ಮ, ನಿನ್ನ ಕಾಲಿಗೆ ಬೀಳ್ತೀನಿ,” ಎಂದರು. ನಾನು ಬಿಡಲಿಲ್ಲ. ನನಗೆ ಹೇಳಿಕೊಟ್ಟವರು ಅವರೇ. ತೋರುಬೆರಳಿಗೆ ಕೈ ಹಾಕಿದೆ.

ಬಾಗಿಲು ದಡಾರನೆ ತೆರೆಯಿತು. ಮಗಳು ಓಡಿ ಬಂದು ನನ್ನ ಕೈಯನ್ನು ಕಿತ್ತು ಪಕ್ಕಕ್ಕೆ ತಳ್ಳಿ ಅಪ್ಪನ ಮುಷ್ಟಿಯನ್ನು ಎದೆಗೆ ಅವಚಿಕೊಂಡಳು. “ಸಾಕು ಕಣಕ್ಕಾ! ನಿಮಗೇನು ಕರುಳಿಲ್ವಾ? ಅಪ್ಪ ಅತ್ತಿದ್ದನ್ನ ನಾನು ಹುಟ್ಟಿದ ಮೇಲೆ ನೋಡಿಲ್ಲ,” ಎಂದು ಬಿಕ್ಕಿದಳು. ಬಾಗಿಲಲ್ಲಿ ಅವರ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದರು. ಸಾರು ಏದುಸಿರು ಬಿಡುತ್ತ ಬಲಗೈಯಿಂದ ಮಗಳ ತಲೆ ಸವರಿದರು. ಮತ್ತೆ ನನಗೆ ಮುಂದುವರಿಸು ಎನ್ನಲಿಲ್ಲ.

ಮರುದಿನ ಬೆಳಗ್ಗೆ ಹೆಂಡತಿ ಅಡುಗೆಮನೆಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು. ನಾನು ಮಂಚದ ಹತ್ತಿರ ಹೋಗಿ ಕೂತೆ.

“ಸಾರ್, ನಾನು ದಿನಾ ರಾಯದುರ್ಗದಿಂದ ಬರಾಕಾಗಲ್ಲ. ಮಾಡೋರು ಈ ಮನಿಯೋರೇ ಆಗ್ಬೇಕು. ಡಿ. ಹಿರೇಹಾಳಿನ ಮದ್ದು ಇಲ್ಲೂ ಹಾಕ್ರಿ. ಅಮ್ಮಾರಿಗೆ ಸಿಟ್ಟು ಬರೋ ಹಂಗ ಒಂದ್ ಮಾತು ಹೇಳ್ರಿ, ಸುಳ್ಳಾದ್ರೂ ಆಗ್ಲಿ. ನಿಮ್ಮ ಬಾಯಾಗ ಬರಲ್ಲಂದ್ರ ನಾನಾ ಹೇಳ್ತೀನಿ. ರಾಯದುರ್ಗದಾಗ ಇವ್ರದು ಇನ್ನೊಂದು ಸಂಸಾರ ಐತಿ ಅಂದ್ರ ಸಾಕು. ನಾಳಿಗೇ ನಿಮ್ಮ ಕೈ ಎಳಿತಾರ.”

ಅವರು ಅಡುಗೆಮನೆಯ ಕಡೆಗೆ ನೋಡಿದರು. ಅಲ್ಲಿಂದ ಕಾಯಿ ಬಿಡಿಸುವ ಸಣ್ಣ ಸದ್ದು ಬರುತ್ತಿತ್ತು.

“ಬೇಡ,” ಎಂದರು.

“ಕೈ ಬಿಚ್ಚತೈತ್ರಿ.”

“ಬಿಚ್ಚುತ್ತೆ, ನಂಗೊತ್ತಿಲ್ವಾ? ಆದ್ರೆ ಅವಳು ಒಂದೇ ಒಂದು ಸಲ ನನ್ನ ಹಂಗೆ ನೋಡಿದ್ರೂ ಅದು ಮತ್ತೆ ಹೋಗಲ್ಲ ಕಣಮ್ಮ.”

“ಮತ್ತ ಆ ಹಿರೇಹಾಳಿನಾಕಿ? ಆಕಿ ಗಂಡನ್ನ ಹೆಂಗ ನೋಡ್ತಾಳ ಈಗ?”

ಅವರು ಮುಖವನ್ನು ಗೋಡೆಗೆ ತಿರುಗಿಸಿದರು. “ಅದು ಬೇರೆಯವ್ರ ಮನೆ ಅಲ್ವೇನಮ್ಮ,” ಎಂದರು.

ಬೇರೆಯವರ ಮನೆ! ನಮ್ಮದೂ ಬೇರೆಯವರ ಮನೆಯೇ. ನಮ್ಮ ಮನೆಯೊಳಗಿನ ಹೊಲಸನ್ನೆಲ್ಲ ಪಡಸಾಲೆಗೆ ಎಳೆದು ಹಾಕಿ, ಅದರಿಂದಲೇ ಒಬ್ಬಳನ್ನು ಎಬ್ಬಿಸಿ ನಡೆಸಿ, ಶನಿವಾರ ಹೂ ಹಿಡಿದು ಬಸ್ ಹತ್ತಿ ಹೋದ ಮನುಷ್ಯ. ತಮ್ಮ ಮನೆಗೆ ಮಾತ್ರ ಒಂದು ಚಿಟಿಕೆ ಕಹಿಯೂ ಬೀಳಬಾರದು. ಆ ಕ್ಷಣ ಅವರನ್ನು ಕಂಡರೆ ನನಗೆ ಅಸಹ್ಯವಾಯಿತು. ಅವರೇ ಬಯಸಿದ್ದ ಗಟ್ಟಿ ಸಿಟ್ಟು ನನ್ನಲ್ಲಿತ್ತು, ಆದರೆ ಅವರ ಮುಷ್ಟಿ ಮಗಳ ಕಾವಲಿನಲ್ಲಿತ್ತು. ಎದ್ದು ಅಡುಗೆಮನೆಯ ಕಡೆ ಹೆಜ್ಜೆ ಹಾಕಿದೆ. ಹಿಂದಿನಿಂದ, “ನನ್ನ ಮೇಲಾಣೆ,” ಎಂಬ ದನಿ ಬಂತು. ಕಾಲು ನಿಂತಿತು. ಅವರು ಸಾಯುವವರೆಗೂ ನಾನು ಆ ಆಣೆ ಮುರಿಯಲಿಲ್ಲ.

ಮಧ್ಯಾಹ್ನ ಅವರ ಹೆಂಡತಿ ನನಗೆ ಅರಿಶಿನ ಕುಂಕುಮ ಕೊಟ್ಟು, ಎಲೆಅಡಿಕೆಯ ಜೊತೆ ರವಿಕೆ ಕಣವಿಟ್ಟು, “ಮನೇಲಿ ನಿಮ್ಮ ಮಕ್ಳು ಕಾಯ್ತಿರ್ತವೆ, ನೀವು ಹೊರಡಿ. ನಿಮಗೂ ತೊಂದ್ರೆ,” ಎಂದರು. ಎಂಥ ನಯ! ಬೈದು ಕಳಿಸಿದ್ದರೆ ವಾಸಿಯಿತ್ತು. ‘ಸಾರ್ ಕೈ...’ ಎಂದು ಏನೋ ಹೇಳಹೋದೆ. “ಇರೋದ್ರಲ್ಲೇ ಚೆನ್ನಾಗಿ ನೋಡ್ಕಂತೀವಮ್ಮ,” ಎಂದು ನನ್ನ ಗಲ್ಲ ಮುಟ್ಟಿ ದೃಷ್ಟಿ ನಿವಾಳಿಸಿದರು. ಬಸ್ಸಿನಲ್ಲಿ ಕೂತು ಆ ರವಿಕೆ ಕಣವನ್ನು ಹರಿದು ಹಾಕಬೇಕೆನಿಸಿತು. ನೇರಳೆ ಬಣ್ಣದ್ದು, ಇನ್ನೂ ಹೊಲಿಸಿಲ್ಲ.

ಆಮೇಲೆ ಒಮ್ಮೊಮ್ಮೆ ಮಗಳು ವೀಡಿಯೋ ಕಾಲ್ ಮಾಡುತ್ತಿದ್ದಳು. ಅಮ್ಮನ ಅಂಗೈ ಮೇಲೆ ಲಿಂಗ, ಅದಕ್ಕೊಂದು ಬಿಲ್ವಪತ್ರೆ, ಅಪ್ಪ ಮಲಗಿದ್ದಲ್ಲೇ ಬಲಗೈಯೊಂದನ್ನೇ ಎದೆಗಿಟ್ಟು ಮುಗಿಯುವುದು. ನೋಡಿದವರು ಕಣ್ಣೀರು ಹಾಕುತ್ತಾರಂತೆ. ಇಂಥ ಹೆಂಡತಿ ಯಾರಿಗುಂಟು ಎನ್ನುತ್ತಾರಂತೆ. ನಾನು ಆ ಕಾಲ್‌ನಲ್ಲಿ ನೋಡುತ್ತಿದ್ದದ್ದು ದಿಂಬಿನ ಕೆಳಗಿನ ಎಡಗೈಯನ್ನು. ಅವರು ನೋಡುತ್ತಿದ್ದದ್ದು ನನ್ನನ್ನು.

ಮೊನ್ನೆ ಮತ್ತೆ ಫೋನ್ ಬಂತು. ಅಪ್ಪ ಊಟ ಬಿಟ್ಟಿದ್ದಾರೆ, ನಿಮ್ಮನ್ನು ಕೇಳುತ್ತಿದ್ದಾರೆ ಎಂದು. ಈ ಸಲ ಅತ್ತೆಯೂ ಹಟ ಹಿಡಿದು ಹೊರಟಳು. ಕಲ್ಯಾಣದುರ್ಗದಲ್ಲಿ ಇಳಿದು ಹತ್ತುವಾಗ, ಪಾವಗಡದಲ್ಲಿ ಇಳಿದು ಹತ್ತುವಾಗ ನನ್ನ ಕೈ ಹಿಡಿಯಲಿಲ್ಲ, ಎಡಗೈಯಿಂದ ಕಂಬಿ ಹಿಡಿದು ತಾನೇ ಹತ್ತಿದಳು. ನಾವು ಮನೆಯ ಬೀದಿಗೆ ತಿರುಗುವಷ್ಟರಲ್ಲಿ ಅಳು ಕೇಳಿಸಿತು. ಉಸಿರು ನಿಂತು ಇನ್ನೂ ಹೆಚ್ಚು ಹೊತ್ತಾಗಿರಲಿಲ್ಲ.

ಮೈ ಸೆಟೆದುಕೊಳ್ಳುವ ಮೊದಲೇ ಕೂರಿಸಬೇಕೆಂದು ಹಿರಿಯರು ಅವಸರ ಮಾಡಿ ಸ್ನಾನ ಮಾಡಿಸಿದರು, ವಿಭೂತಿ ಬಳಿದರು, ಗೋಡೆಗೆ ಆನಿಸಿ ಕೂರಿಸಿದರು. ಪೂಜೆಗೆ ಬಂದಿದ್ದ ಅಯ್ನೋರು ಕರಡಿಗೆಯಿಂದ ಲಿಂಗ ತೆಗೆದು, “ಎಡ ಅಂಗೈ ಬಿಡಿಸಿ,” ಎಂದರು. ಲಿಂಗವನ್ನು ಅಂಗೈಯಲ್ಲಿಟ್ಟೇ ಮಣ್ಣು ಮಾಡಬೇಕು, ಅದು ಅವರ ಮನೆತನದ ಕ್ರಮ. ಅಷ್ಟು ಜನರಲ್ಲಿ ಒಬ್ಬರೂ ಮುಂದೆ ಬರಲಿಲ್ಲ. ಬೆರಳು ಮುರಿದೀತು ಎಂದು ಅಣ್ಣತಮ್ಮಂದಿರು ಹಿಂದೆ ಸರಿದರು. ಹೆಂಡತಿ ಮುಟ್ಟಿ ಮುಟ್ಟಿ ಕೈ ಹಿಂತೆಗೆದುಕೊಂಡರು. ಅಯ್ನೋರು ಲಿಂಗ ಹಿಡಿದು ಸುತ್ತಲೂ ನೋಡುತ್ತ, “ಯಾರಾದ್ರೂ ಬಿಡಿಸ್ತೀರಾ?” ಎಂದು ಕೇಳಿದರು.

ಬಾಗಿಲ ಹತ್ತಿರ ಕೂತಿದ್ದ ನಮ್ಮತ್ತೆ ಎಡಗೈ ಎತ್ತಿದಳು. ಬೆರಳು ನನ್ನ ಕಡೆ ಬಂತು. “ಇಕಿ,” ಎಂದಳು.

ನಾನು ಹೋಗಿ ಅವರ ಎದುರು ಕೂತೆ. ಮಣಿಕಟ್ಟು ಒಳಕ್ಕೆ ಬಗ್ಗಿಸಿದೆ. ಕಿವಿ ಅಭ್ಯಾಸದಂತೆ ‘ಬಿಡು’ ಎಂಬ ಮಾತಿಗೆ ಕಾಯುತ್ತಿತ್ತು. ಹೆಬ್ಬೆರಳು ಹೊರಕ್ಕೆ ತೆಗೆದೆ. ಆ ಕೈ ತೆರೆದುಕೊಂಡಿತು. ಒಂದೊಂದೇ ಬೆರಳು, ಕೀಲಿಗೆ ಕೀಲು ಬಿಚ್ಚಿ, ನಿದ್ದೆಯಲ್ಲಿರುವ ಮಗುವಿನ ಕೈಯಂತೆ ಪೂರಾ ಚಪ್ಪಟೆಯಾಗಿ ನನ್ನ ಅಂಗೈ ಮೇಲೆ ಬಿದ್ದಿತು. ಎಲ್ಲೂ ಗಂಟು ಬಿದ್ದಿರಲಿಲ್ಲ, ಬಿದ್ದಿದ್ದರೆ ಸತ್ತ ಮೇಲೂ ಬಿಚ್ಚುತ್ತಿರಲಿಲ್ಲ. ಬರೀ ಬಿಗಿ. ಇಷ್ಟು ದಿನವೂ ಬರೀ ಬಿಗಿಯೇ ಇತ್ತು. ಒಳಗೆ ಮಗಳು ಇಟ್ಟಿದ್ದ ಹತ್ತಿ ಒದ್ದೆಯಾಗಿ ಅಂಟಿಕೊಂಡಿತ್ತು, ಚರ್ಮ ಬೆಳ್ಳಗೆ ನೆನೆದು ಹೋಗಿತ್ತು, ಅದರಲ್ಲಿ ಉಗುರಿನ ಗುರುತುಗಳಿದ್ದವು. ನನ್ನ ಸೆರಗಿನಿಂದ ಒರೆಸಿದೆ. ಒರೆಸುವಾಗ ಅಳು ಬಂತು, ಸಿಟ್ಟೂ ಬಂತು, ಎರಡನ್ನೂ ನುಂಗಿಕೊಂಡೆ.

ಅಯ್ನೋರು ಲಿಂಗವನ್ನು ಅಂಗೈ ಮೇಲಿಟ್ಟರು. ಅದು ಕೂತಿತು. “ನೋಡಿದ್ರಾ, ಶಿವನ ದಯ! ಎಷ್ಟು ಸಲೀಸಾಗಿ ಬಿಚ್ಕೊಂತು,” ಎಂದು ಹೆಂಗಸರು ಕೈ ಮುಗಿದರು. ಅವರ ಹೆಂಡತಿ ನನ್ನ ಕಾಲು ಮುಟ್ಟಲು ಬಂದರು. ನಾನು ಕಾಲು ಹಿಂದೆಳೆದುಕೊಂಡೆ.

ಮಗಳು ಪಕ್ಕದಲ್ಲಿ ಕೂತು ಆ ತೆರೆದ ಅಂಗೈಯನ್ನೇ ನೋಡುತ್ತಿದ್ದಳು. ಎಷ್ಟೋ ದಿನದ ಮೇಲೆ ನೋಡುತ್ತಿದ್ದಳೇನೋ. ಆಮೇಲೆ ನನ್ನ ತೋಳು ಹಿಡಿದು, ಯಾರಿಗೂ ಕೇಳದಂತೆ ಕೇಳಿದಳು:

“ಅಪ್ಪಂಗೆ ನೋವಾಗ್ಲಿಲ್ಲ ತಾನೇ ಅಕ್ಕಾ?”

“ಇಲ್ಲಮ್ಮ,” ಎಂದೆ. “ಈಗ ನೋವಾಗ್ಲಿಲ್ಲ.”